ಬೇರೆಯವ್ರ ಲೈಸೆನ್ಸ್ ಮೇಲೆ 6 ವರ್ಷ ಸರ್ಕಾರಿ ಕೆಲ್ಸ ಮಾಡಿದೀನಿ, ಸ್ವಂತ ಪಿಡಬ್ಲ್ಯೂಡಿ ಲೈಸೆನ್ಸ್ ತಗೊಂಡ್ರೆ ಆ ಅನುಭವ ಲೆಕ್ಕಕ್ಕೆ ಬರುತ್ತಾ?

ಗಾರೆಕರಣೆ (ಪ್ರಶ್ನೆ ಕೇಳಿದವರು)

ಎಲ್ರಿಗೂ ನಮಸ್ಕಾರ. ದಾವಣಗೆರೆ ಕಡೆಯವ್ನು ನಾನು, ಡಿಪ್ಲೊಮಾ ಸಿವಿಲ್ ಮುಗ್ಸಿ 6 ವರ್ಷ ಆಯ್ತು. ಅವತ್ತಿಂದ ನಮ್ಮ ದೂರದ ಸಂಬಂಧಿಕರೊಬ್ರ ಕ್ಲಾಸ್-1 ಲೈಸೆನ್ಸ್ ಮೇಲೆ ಕೆಲ್ಸ ಮಾಡ್ತಿದೀನಿ. ಟೆಂಡರ್ ಅವ್ರ ಹೆಸ್ರಲ್ಲಿ ಹಾಕೋದು, ಕೆಲ್ಸ ನಾನು ಮಾಡೋದು, ಬಿಲ್ ಅವ್ರ ಅಕೌಂಟಿಗೆ ಬರುತ್ತೆ, 5 ಪರ್ಸೆಂಟ್ ಅವ್ರು ಹಿಡ್ಕೊಂಡು ಉಳಿದಿದ್ದು ನಂಗೆ ಕೊಡ್ತಾರೆ. ಮೋಸ ಏನಿಲ್ಲ, ದುಡ್ಡು ಸರಿಯಾಗಿ ಕೊಟ್ಟಿದಾರೆ, ಅದು ಬೇರೆ ಮಾತು. ಇಲ್ಲೀವರ್ಗೂ ಸಿಸಿ ರಸ್ತೆ, ಚರಂಡಿ, ಎರಡು ಅಂಗನವಾಡಿ, ಆಮೇಲೆ ಹೋದ್ ವರ್ಷ 62 ಲಕ್ಷದ್ದು ಶಾಲಾ ಕಟ್ಟಡ, ಎಲ್ಲಾ ಮಾರ್ಕ್‌ಔಟ್‌ನಿಂದ ಹಿಡಿದು ಸುಣ್ಣಬಣ್ಣದವರ್ಗೂ ನಾನೇ ನಿಂತು ಮಾಡ್ಸಿದ್ದು.

ಈಗ ನಮ್ಮ ಕಡೆ ಒಂದು ಹಾಸ್ಟೆಲ್ ಕಟ್ಟಡದ ಟೆಂಡರ್ ಬರುತ್ತೆ ಅಂತಿದಾರೆ, 1.20 ಕೋಟಿ, 12 ತಿಂಗಳು ಟೈಮ್. ಸ್ವಂತ ಲೈಸೆನ್ಸ್ ಮಾಡ್ಸಿ ಹಾಕೋಣ ಅಂದ್ಕೊಂಡು ನಮ್ಮ ಸೆಕ್ಷನ್ ಎಇ (ಅಸಿಸ್ಟೆಂಟ್ ಇಂಜಿನಿಯರ್) ಹತ್ರ ಶಾಲಾ ಕಟ್ಟಡದ್ದು ವರ್ಕ್ ಡನ್ ಸರ್ಟಿಫಿಕೇಟ್ ನನ್ನ ಹೆಸ್ರಿಗೆ ಕೊಡಿ ಸಾರ್ ಅಂತ ಕೇಳ್ದೆ. ಅವ್ರು ನಕ್ಕೇಬಿಟ್ರು. ಎಂಬಿ (ಕೆಲ್ಸದ ಅಳತೆ ಬರ್ಯೋ) ಪುಸ್ತಕ ತೆಗ್ದು ಮೊದಲ್ನೇ ಪುಟ ತೋರ್ಸಿ "ಇಲ್ಲಿ ನಿನ್ ಹೆಸ್ರು ಎಲ್ಲಿದೆ ತೋರ್ಸಪ್ಪ" ಅಂದ್ರು. ಪ್ರತಿ ಅಳತೆಗೂ ಟೇಪಿನ ಇನ್ನೊಂದು ತುದಿ ಹಿಡ್ಕೊಂಡು ನಿಂತಿದ್ದವ್ನು ನಾನೇ, ಅವ್ರಿಗೂ ಗೊತ್ತು. ಬೇಜಾರಾಯ್ತು.

ಕೇಳ್ಬೇಕಾಗಿರೋದು ಇಷ್ಟೇ, ಆ ಅನುಭವನ ಯಾವ ದಾರೀಲಾದ್ರೂ ತೋರ್ಸಕ್ಕಾಗುತ್ತಾ? ಜಿಪಿಎ (ಅಧಿಕಾರ ಪತ್ರ) ಮಾಡ್ಸಿದ್ರೆ ಆಗುತ್ತೆ ಅಂತ ಒಬ್ರು ಹೇಳಿದ್ರು. ಇನ್ನೊಂದು, ನನ್ನ ತಂಗಿ ಬಿಇ ಸಿವಿಲ್, ಅವ್ಳು ಪ್ರಾಜೆಕ್ಟ್ ಮ್ಯಾನೇಜರ್ ಅಂತ ನನ್ ಜೊತೆ ಇರ್ಬೇಕು ಅಂದ್ರೆ ಅವ್ಳಿಗೂ ಏನಾದ್ರು ಲೈಸೆನ್ಸ್ ಬೇಕಾ? ಪಿಎಂಪಿ ಅಂತೆ ಏನೋ ಪರೀಕ್ಷೆ ಅಂತೆ, ಅದಕ್ಕೆ ಫೀಸೇ ತಲೆ ತಿರುಗೋ ಹಾಗಿದೆ.

---

ಹಾವೇರಿ ಮಂದಿ

ತಮ್ಮಾ ಸಿಟ್ಟಾಗಬ್ಯಾಡ, ಖರೇನ ಹೇಳ್ತೇನಿ. ನೀ ಆರ್ ವರ್ಷ ಮಂದಿ ಹೊಲ ಊಳಿದಿ, ಪಹಣಿ ಅವರ ಹೆಸರಿಲೆ ಐತಿ. ಬೆಳಿ ರೊಕ್ಕ ನಿನಗ ಬಂದಿರಬಹುದು, ಆದ್ರ ಬ್ಯಾಂಕಿನ್ಯಾಗ ಸಾಲ ಕೇಳಾಕ ಹ್ವಾದ್ರ ಪಹಣಿ ತಾ ಅಂತಾರ ಹೊರ್ತು ನಿನ್ನ ಕೈಯಾಗಿನ ಗುಳ್ಳಿ ನೋಡಂಗಿಲ್ಲ.

ಜಿಪಿಎ ಮಾಡಿಸಿದ್ರ ಆಗ್ತೈತಿ ಅಂದಾಂವ ನಿನಗ ಟೊಪಗಿ ಹಾಕಾಕತ್ಯಾನ. ಜಿಪಿಎ ಅಂದ್ರ ಅವರ ಪರವಾಗಿ ನೀ ಸಹಿ ಮಾಡಬಹುದು, ಕೆಲಸ ನೋಡಕೋಬಹುದು ಅಷ್ಟ. ಕೆಲಸ ಅವರದ ಇರ್ತೈತಿ. ನಾನೂ ಹಿಂಗ ನಾಕ್ ವರ್ಷ ಹಾಳ ಮಾಡಕೊಂಡೇನಿ. ಕಡೀಕ ಎಲ್ಲಾ ಬಿಟ್ಟು ಸಣ್ಣ ಕ್ಲಾಸ್ ತಗೊಂಡು ಗ್ರಾಮ ಪಂಚಾಯ್ತಿ ಗಟಾರದಿಂದ ಚಾಲೂ ಮಾಡಿದ್ಯಾ. ಮೊದಲನೇ ಕೆಲಸ ಬರೇ 3 ಲಕ್ಷದ್ದು, ಉಳದದ್ದು ಏನೂ ಇಲ್ಲ, ಆದ್ರ ಆ ಸರ್ಟಿಫಿಕೇಟ್ ಮ್ಯಾಲ ನನ್ನ ಹೆಸರು ನೋಡಿ ನಮ್ಮವ್ವ ಅದನ್ನ ದೇವರ ಜಗಲಿ ಮ್ಯಾಲ ಇಟ್ಟಿದ್ಲು.

ಮತ್ತ ನರೇಗಾ ಕೆಲಸಾ ಮಾಡೇನಿ ಅಂತ ಅದನ್ನೂ ತೋರಿಸಾಕ ಹೋಗಬ್ಯಾಡ. 2005ರ ಕಾಯ್ದೇದಾಗ ಆ ಕೆಲಸಕ್ಕ ಕಂಟ್ರಾಕ್ಟರ್ ಇಡಾಕ ಬರಂಗಿಲ್ಲಂತ ಬರದಾರ. ತೋರಿಸಿದ್ರ ನೀನ ನಿನ್ನ ಕಾಲ ಮ್ಯಾಲ ಕಲ್ಲ ಹಾಕ್ಕೊಂಡಂಗ.

---

ನಿವೃತ್ತ ಎಇಇ

ನಾನು 31 ವರ್ಷ ಇಲಾಖೆಯಲ್ಲಿದ್ದು ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಆಗಿ ನಿವೃತ್ತನಾದವನು, ಸ್ಕ್ರೂಟಿನಿಗೆ ಕೂತು ನೂರಾರು ಟೆಂಡರ್ ನೋಡಿದೀನಿ, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಓದ್ಕೊಳಿ.

ಮೊದಲನೇದಾಗಿ, ಎಲ್ಲರೂ ಲೈಸೆನ್ಸ್ ಅಂತಾರೆ, ಅದು ನೋಂದಣಿ. ಇಷ್ಟು ಮೊತ್ತದವರೆಗಿನ ಕೆಲಸಕ್ಕೆ ಟೆಂಡರ್ ಹಾಕಬಹುದು ಅಂತ ದರ್ಜೆವಾರು ಕೊಡೋದು, ನಮ್ಮ ಪಿಡಬ್ಲ್ಯೂಡಿಯಲ್ಲಿ 1ರಿಂದ 4. ಕೆಳಗಿನ ದರ್ಜೆ ಇಇ (ಕಾರ್ಯಪಾಲಕ ಇಂಜಿನಿಯರ್) ಆಫೀಸಲ್ಲೇ ಆಗುತ್ತೆ, ಮೇಲಿನದಕ್ಕೆ ಎಸ್‌ಇ (ಸೂಪರಿಂಟೆಂಡಿಂಗ್ ಇಂಜಿನಿಯರ್), ಚೀಫ್ ಇಂಜಿನಿಯರ್ ಕಡೆ ಹೋಗಬೇಕು. ಮೊತ್ತದ ಮಿತಿಯನ್ನ ಸರ್ಕಾರ ಆಗಾಗ ಆದೇಶದಲ್ಲಿ ಬದಲಾಯಿಸುತ್ತೆ, ಹಳೇ ಕಂಟ್ರಾಕ್ಟರುಗಳು ಬಾಯಲ್ಲಿ ಹೇಳೋ ಅಂಕಿ ನಂಬಬೇಡಿ, ಆಫೀಸಿನಲ್ಲಿ ಇತ್ತೀಚಿನ ಆದೇಶದ ಪ್ರತಿ ಕೇಳಿ. ಕೇಂದ್ರದ ಸಿಪಿಡಬ್ಲ್ಯೂಡಿ, ರೈಲ್ವೆ, ಮಿಲಿಟರಿಯ ಎಂಇಎಸ್, ಇವಕ್ಕೆಲ್ಲ ಪ್ರತ್ಯೇಕ ನಿಯಮ, ಇಲ್ಲಿಯ ನೋಂದಣಿ ಕಾರ್ಡ್ ಅಲ್ಲಿ ತೋರಿಸಿದರೆ ಅದೇ ಸಾಕಾಗಲ್ಲ.

ಈಗ ನಿಜವಾದ ವಿಷಯ. ಬಹಳ ಜನ ಎಡವೋದು ಇಲ್ಲೇ. ನೋಂದಣಿ ಸಿಕ್ಕಿದ್ರೆ ಟೆಂಡರ್ ಸಿಕ್ಕಿತು ಅಂದ್ಕೋತಾರೆ. ನೋಂದಣಿ ಛತ್ರದ ಬಾಗಿಲು ದಾಟಿದ ಹಾಗೆ ಅಷ್ಟೇ, ಪಂಕ್ತಿಯಲ್ಲಿ ಎಲೆ ಸಿಗಬೇಕು ಅಂದ್ರೆ ಟೆಂಡರ್ ದಾಖಲೆಯಲ್ಲಿ ಬರೆದಿರೋ ಅರ್ಹತೆ ಇರಬೇಕು. 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿ, ಟೆಂಡರ್ ಹೇಗೆ ನಡೀಬೇಕು ಅನ್ನೋ ರಾಜ್ಯದ ಕಾಯ್ದೆ), 2000ದ ನಿಯಮಗಳು ಬಂದ ಮೇಲೆ ಸ್ಟ್ಯಾಂಡರ್ಡ್ ಟೆಂಡರ್ ದಾಖಲೆಗಳು ಬಂದವು, ಕೆಡಬ್ಲ್ಯೂ-1, ಕೆಡಬ್ಲ್ಯೂ-2 ಹೀಗೆ. ನಿಮ್ಮ ಹಾಸ್ಟೆಲ್ ತರದ ಕೆಲಸಕ್ಕೆ ಸಾಮಾನ್ಯವಾಗಿ ಬರೋದು ಕೆಡಬ್ಲ್ಯೂ-4. ಅದರಲ್ಲಿ ಹಿಂದಿನ 5 ವರ್ಷದ ಟರ್ನೋವರ್ ಕೇಳ್ತಾರೆ, ಅದೇ ತರದ ಒಂದು ಕೆಲಸ, ಸಾಮಾನ್ಯವಾಗಿ ಅಂದಾಜಿನ ಅರ್ಧದಷ್ಟಾದರೂ ಮೌಲ್ಯದ್ದು, ಮುಗಿಸಿರಬೇಕು ಅಂತಾರೆ. ನಿಮ್ಮ 62 ಲಕ್ಷದ ಶಾಲೆ 1.20 ಕೋಟಿಯ ಅರ್ಧಕ್ಕಿಂತ ಜಾಸ್ತಿಯೇ ಇದೆ, ಕಾಗದದಲ್ಲಿ ನಿಮ್ಮದಾಗಿದ್ದರೆ ಸಲೀಸಾಗಿ ಪಾಸಾಗುತ್ತಿತ್ತು, ಅದೇ ಹೊಟ್ಟೆ ಉರಿಯೋ ಸಂಗತಿ.

ಇನ್ನು ಟೆಂಡರ್ ಕೆಪಾಸಿಟಿ ಅಂತ ಒಂದು ಲೆಕ್ಕ ಇದೆ: ಎ × ಎನ್ × 1.5 − ಬಿ. ಇದರ ಉತ್ತರ ಟೆಂಡರ್ ಮೊತ್ತಕ್ಕಿಂತ ಕಮ್ಮಿ ಇರಬಾರದು. ಎ ಅಂದ್ರೆ ಕಳೆದ 5 ವರ್ಷದಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಕೆಲಸದ ಮೌಲ್ಯ, ಎನ್ ಅಂದ್ರೆ ಈ ಕೆಲಸಕ್ಕೆ ಎಷ್ಟು ವರ್ಷ ಕೊಟ್ಟಿದಾರೆ, ಬಿ ಅಂದ್ರೆ ಆ ಅವಧಿಯಲ್ಲಿ ನೀವು ಮುಗಿಸಬೇಕಾದ ಕೈಯಲ್ಲಿರೋ ಬೇರೆ ಕೆಲಸಗಳು. 1.20 ಕೋಟಿಗೆ 12 ತಿಂಗಳು ಅಂದ್ರೆ ಎನ್ 1. ಬೇರೆ ಕೆಲಸ ಒಂದೂ ಇಲ್ಲ ಅಂದ್ಕೊಂಡ್ರೂ ಒಂದು ವರ್ಷದಲ್ಲಿ 80 ಲಕ್ಷದ ಕೆಲಸ ಮಾಡಿರಬೇಕು. ನೀವು ಮಾಡಿದೀರಾ ಅಂತ ನಾನು ನಂಬ್ತೀನಿ. ಆದ್ರೆ ಕಾಗದದ ಮೇಲೆ ನಿಮ್ಮ ಎ ಸೊನ್ನೆ, ಸೊನ್ನೆಯನ್ನ ಯಾವುದರಿಂದ ಗುಣಿಸಿದರೂ ಸೊನ್ನೆ. ಸಬ್ ಕಂಟ್ರಾಕ್ಟರ್ ಅನುಭವವನ್ನ ಅರ್ಹತೆಗೆ ಪರಿಗಣಿಸಲ್ಲ ಅಂತ ಆ ದಾಖಲೆಯಲ್ಲೇ ಬರೆದಿದೆ. ನಿಮ್ಮ ಎಇ ನಕ್ಕಿದ್ದು ತಪ್ಪು, ಸರ್ಟಿಫಿಕೇಟ್ ಕೊಡದೇ ಇದ್ದಿದ್ದು ಸರಿ. ಕೊಟ್ಟಿದ್ದರೆ ನಾಳೆ ಆಡಿಟ್‌ನಲ್ಲಿ ಅವರ ತಲೆಗೆ ಬರೋದು, ನಿಮ್ಮನ್ನೂ ಕಪ್ಪುಪಟ್ಟಿಗೆ ಸೇರಿಸೋರು.

ಆ ಟೆಂಡರ್ ಬಿಟ್ಟುಬಿಡಿ. ಅನುಭವ ಕೇಳದ, ಅಥವಾ ಕಮ್ಮಿ ಕೇಳೋ ಸಣ್ಣ ಟೆಂಡರ್‌ಗಳನ್ನ ಎರಡು ವರ್ಷ ಮಾಡಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ರೆ ಮೀಸಲು ಕಾಮಗಾರಿಗಳಿವೆ, 17.15 ಮತ್ತು 6.95 ಪರ್ಸೆಂಟ್, ಮೊದಲು 50 ಲಕ್ಷದವರೆಗಿನ ಕೆಲಸಕ್ಕಿತ್ತು, 2023ರಲ್ಲಿ 1 ಕೋಟಿಗೆ ಏರಿಸಿದರು.

---

ಸೈಟ್ ಅಕ್ಕ

ನಿಮ್ ತಂಗಿ ವಿಷ್ಯಕ್ಕೆ ನಾನು ಹೇಳ್ತೀನಿ, ಯಾಕಂದ್ರೆ 9 ವರ್ಷದಿಂದ ಅದೇ ಕೆಲ್ಸ ಮಾಡ್ತಿದೀನಿ ಬೆಂಗ್ಳೂರಲ್ಲಿ.

ನಮ್ ದೇಶದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ಗೆ, ಸೈಟ್ ಇಂಜಿನಿಯರ್‌ಗೆ ಸರ್ಕಾರಿ ಲೈಸೆನ್ಸ್ ಅಂತ ಇಲ್ಲ. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗದೆ ಆರ್ಕಿಟೆಕ್ಟ್ ಅಂತ ಹಾಕ್ಕೊಳ್ಳೋ ಹಾಗಿಲ್ಲ, ಇಂಜಿನಿಯರ್‌ಗಳಿಗೆ ದೇಶಕ್ಕೆಲ್ಲ ಅನ್ವಯ ಆಗೋ ಅಂಥ ಕಾಯ್ದೆ ಬಂದಿಲ್ಲ. ಪ್ಲಾನ್ ಸ್ಯಾಂಕ್ಷನ್‌ಗೆ ನಗರ ಪಾಲಿಕೆ ಕೊಡೋ ಲೈಸೆನ್ಸ್ ಬೇರೆ, ಅದನ್ನ ಇದಕ್ಕೆ ಬೆರೆಸ್ಬೇಡಿ. ಪಿಎಂಪಿ ಖಾಸಗಿ ಸಂಸ್ಥೆ ಕೊಡೋ ಸರ್ಟಿಫಿಕೇಟ್, ದೊಡ್ಡ ಕಂಪನೀಲಿ ಸಂಬಳ ಜಾಸ್ತಿ ಕೇಳಕ್ಕೆ ಚೆನ್ನಾಗಿರುತ್ತೆ, ಹಾಸ್ಟೆಲ್ ಕಟ್ಟಕ್ಕೆ ಯಾರೂ ಕೇಳಲ್ಲ. ಟೆಂಡರ್‌ನಲ್ಲಿ ಬಿಇ ಸಿವಿಲ್ ಇಷ್ಟು ಜನ, ಇಷ್ಟು ವರ್ಷ ಅನುಭವ ಅಂತ ಪಟ್ಟಿ ಇರುತ್ತೆ, ಅದೇ ಅವ್ಳ ಲೈಸೆನ್ಸ್. ಸಿಪಿಡಬ್ಲ್ಯೂಡಿ ಕೆಲ್ಸದಲ್ಲಿ ಇದು ಕಟ್ಟುನಿಟ್ಟು, ಕ್ಲಾಸ್ 36ರ ಪ್ರಕಾರ ಹೇಳಿದ ಇಂಜಿನಿಯರ್‌ನ ಸೈಟಲ್ಲಿ ಇಡ್ಲಿಲ್ಲ ಅಂದ್ರೆ ತಿಂಗ್ಳಿಗೆ ಇಷ್ಟು ಅಂತ ಬಿಲ್‌ನಲ್ಲಿ ಕಡಿತ ಮಾಡ್ತಾರೆ. (ಇದು ಕ್ಲಾಸ್-1, ಕ್ಲಾಸ್-2ರ ಕ್ಲಾಸ್ ಅಲ್ಲ, ಕರಾರಿನ ಷರತ್ತು, ನಮ್ ಹುಡುಗ್ರು ಯಾವಾಗ್ಲೂ ಗೊಂದಲ ಮಾಡ್ಕೋತಾರೆ.)

ಆದ್ರೆ ಒಂದು ಎಚ್ಚರಿಕೆ. ನಾನು ಬಿಟ್ಟು ಬಂದ ಒಂದು ಕಂಪನಿ, ಹೆಸ್ರು ಬೇಡ, ನಾನು ಬಿಟ್ಟು ಒಂದೂವರೆ ವರ್ಷ ಆದ್ಮೇಲೆ ಯಾವ್ದೋ ಜಿಲ್ಲೆಯಿಂದ ಫೋನ್ ಬಂತು, ಮೇಡಂ ನೀವು ಸೈಟಿಗೆ ಬರ್ತಾನೇ ಇಲ್ಲ ಅಂತ. ಯಾವ ಸೈಟು ಅಂದ್ರೆ ನಾನು ಹೆಸ್ರೇ ಕೇಳಿರದ ಊರಿನ ಸೇತುವೆ. ಅವ್ರು ವಾಟ್ಸಾಪಲ್ಲಿ ಕಳ್ಸಿದ್ರು, ನನ್ನ ಡಿಗ್ರಿ ಸರ್ಟಿಫಿಕೇಟ್ ಸ್ಕ್ಯಾನು, ಬಲಗಡೆ ಮೂಲೇಲಿ ಕಾಫಿ ಲೋಟದ ಅರ್ಧ ಚಂದ್ರ. ಆ ಕಾಫಿ ನಾನೇ ಚೆಲ್ಲಿದ್ದು, ಕೆಲ್ಸಕ್ಕೆ ಸೇರಿದ ಮೊದಲ್ನೇ ವಾರ, ಜೆರಾಕ್ಸ್ ಮೇಲೆ! ಅದೇ ಜೆರಾಕ್ಸು ಮೂರು ಟೆಂಡರ್‌ಗೆ ಓಡಾಡಿತ್ತು, ಒಪ್ಪಿಗೆ ಪತ್ರದಲ್ಲಿ ನನ್ನ ಸಹಿ ಬೇರೆ, ನೋಡಿದ್ರೆ ನಂಗೇ ನಗು ಬರೋ ಅಂಥ ಸಹಿ. ಆಗ ನಗು ಬರ್ಲಿಲ್ಲ ಬಿಡಿ, ಲಿಖಿತವಾಗಿ ಇದು ನನ್ನದಲ್ಲ ಅಂತ ಕೊಟ್ಟು ಸ್ವೀಕೃತಿ ತಗೊಂಡ್ ಮೇಲೇ ನಿದ್ದೆ ಬಂದಿದ್ದು. ಅವತ್ತಿಂದ ಯಾರಿಗೇ ಜೆರಾಕ್ಸ್ ಕೊಟ್ರೂ ಮೇಲೆ ಅಡ್ಡ ಗೆರೆ ಎಳ್ದು ಇಂಥ ಕೆಲ್ಸಕ್ಕೆ ಮಾತ್ರ ಅಂತ ಬರ್ದು ತಾರೀಕು ಹಾಕ್ತೀನಿ. ನಿಮ್ ತಂಗಿಗೂ ಹೇಳಿ, ಅಣ್ಣನಿಗೆ ಕೊಡುವಾಗ್ಲೂ.

---

ಲೆಕ್ಕದ ಭಟ್ರು

ಅನುಭವದ ಬಗ್ಗೆ ಎಲ್ಲರೂ ಹೇಳಿದ್ರು, ದುಡ್ಡಿನ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. 5 ಪರ್ಸೆಂಟ್ ಬರೀ ಲೈಸೆನ್ಸ್ ಬಾಡಿಗೆ ಅಲ್ಲ. ಬಿಲ್ ಅವರ ಪ್ಯಾನಿಗೆ ಹೋಗುದ್ರಿಂದ ಅಷ್ಟೂ ಅವರ ವಹಿವಾಟು ಅಂತ ಆಗ್ತದೆ, ತೆರಿಗೆ ತಾಪತ್ರಯ ಅವರದ್ದು, ಮುಂದಿನ ಟೆಂಡರ್‌ಗೆ ಬೇಕಾದ ಟರ್ನೋವರ್ ಕೂಡ ಅವರದ್ದೇ. ನೀವು ಬೆವರು ಸುರಿಸಿ ಅವರ ಎ ಬೆಳೆಸ್ತಾ ಇದ್ದೀರಿ.

ಸ್ವಂತ ಮಾಡಿದ್ರೆ ಮೊದಲ ಬಿಲ್ ನೋಡಿ ಗಾಬರಿ ಆಗ್ಬೇಡಿ. ಜಿಎಸ್‌ಟಿ ಬಿಟ್ಟು 28 ಲಕ್ಷದ ಬಿಲ್ ಅಂತ ಇಟ್ಕೊಳ್ಳಿ. ಕಟ್ಟಡ ಕಾರ್ಮಿಕರ ಸೆಸ್ 1 ಪರ್ಸೆಂಟ್ 28,000. ಇನ್ಕಮ್ ಟ್ಯಾಕ್ಸ್ ಟಿಡಿಎಸ್ (ಬಿಲ್ಲಿನಲ್ಲೇ ಮುರಿದುಕೊಳ್ಳುವ ತೆರಿಗೆ) ಒಬ್ಬ ವ್ಯಕ್ತಿಯ ಹೆಸರಲ್ಲಿದ್ರೆ 1 ಪರ್ಸೆಂಟ್ ಮತ್ತೊಂದು 28,000, ಪಾರ್ಟ್‌ನರ್‌ಶಿಪ್ ಫರ್ಮ್ ಆದ್ರೆ 2. ಜಿಎಸ್‌ಟಿ ಟಿಡಿಎಸ್ 2 ಪರ್ಸೆಂಟ್ 56,000, ಇದು ಕರಾರು ಎರಡೂವರೆ ಲಕ್ಷ ದಾಟಿದ್ರೆ. ಅಲ್ಲಿಗೆ 1,12,000 ಹೋಯ್ತು. ಇದರ ಮೇಲೆ ಮರಳು ಜಲ್ಲಿಗೆ ಪರ್ಮಿಟ್ ಚೀಟಿ ತೋರಿಸದಿದ್ರೆ ರಾಯಲ್ಟಿ ಕಡಿತ, ಮತ್ತೆ ಸೆಕ್ಯೂರಿಟಿ ಡೆಪಾಸಿಟ್ ಅಂತ ಹಿಡಿಯುದು. ಟಿಡಿಎಸ್ ಎರಡೂ ಮತ್ತೆ ನಿಮ್ಮ ಲೆಕ್ಕಕ್ಕೆ ಜಮಾ ಆಗ್ತದೆ, ಸೆಸ್ ವಾಪಸ್ ಬರುದಿಲ್ಲ. ಮತ್ತೆ ರೇಟ್ ಹಾಕುವಾಗ ಜಿಎಸ್‌ಟಿ ಸೇರಿಸಿಯಾ ಬಿಟ್ಟಾ ಅಂತ ಟೆಂಡರ್ ಓದಿ. 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಗೆ 12 ಇದ್ದದ್ದು 18 ಆಯ್ತು, ಆಗ ಹಳೇ ರೇಟಿಗೆ ಸಿಕ್ಕಿ ಬಿದ್ದವರು ನನ್ನ ಆಫೀಸಿಗೆ ಬಂದು ಕೂತದ್ದು ಇನ್ನೂ ಕಣ್ಣ ಮುಂದೆ ಉಂಟು.

---

ಕರೆಂಟ್ ಹುಡುಗ

ಹಾಸ್ಟೆಲ್ ಅಂದ್ರೆ ವೈರಿಂಗ್ ಇರುತ್ತೆ ಬ್ರೋ, ಅದಕ್ಕೆ ಸಿವಿಲ್ ರಿಜಿಸ್ಟ್ರೇಷನ್ ಸಾಕಾಗಲ್ಲ. ವಿದ್ಯುತ್ ಪರಿವೀಕ್ಷಣಾಲಯ ಕೊಡೋ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಲೈಸೆನ್ಸ್ ಇರೋರನ್ನ ಜೊತೆಗೆ ಇಟ್ಕೋಬೇಕು. ಅದು ನಿಜವಾಗ್ಲೂ ಲೈಸೆನ್ಸು, ನೋಂದಣಿ ಅಲ್ಲ, ಎಇಇ ಸಾರ್ ಒಪ್ತಾರೆ ಅಂದ್ಕೋತೀನಿ 😀

---

ನಿವೃತ್ತ ಎಇಇ

ಒಪ್ಪಿದೆ.

---

ಗಾರೆಕರಣೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪಹಣಿ ಮಾತು ಓದಿ ಎರಡ್ ದಿನ ಏನೂ ಬರೀಲಿಲ್ಲ, ಅಷ್ಟು ಚುಚ್ತು. ಹಾಸ್ಟೆಲ್ ಕೈ ಬಿಟ್ಟೆ. ಸಂಬಂಧಿಕರಿಗೂ ಹೇಳ್ದೆ, ಅವ್ರು ಬೇಜಾರು ಮಾಡ್ಕೊಳ್ಲಿಲ್ಲ, "ನೀನು ನಾಕ್ ವರ್ಷದ ಹಿಂದೇನೇ ಕೇಳ್ತೀಯ ಅಂದ್ಕೊಂಡಿದ್ದೆ" ಅಂದ್ರು. ಹಾಗಿದ್ರೆ ಅವ್ರೇ ಹೇಳ್ಬೋದಿತ್ತಲ್ವಾ ಅಂತ ಮನ್ಸಲ್ಲೇ ಅಂದ್ಕೊಂಡೆ.

ಇವತ್ತು ಕೆಳಗಿನ ದರ್ಜೆಗೆ ಅರ್ಜಿ ಹಾಕಕ್ಕೆ ಹೋಗಿದ್ದೆ, ಸಾಲ್ವೆನ್ಸಿ (ಆರ್ಥಿಕ ಸಾಮರ್ಥ್ಯದ ಸರ್ಟಿಫಿಕೇಟ್), ಪ್ಯಾನು, ಜಿಎಸ್‌ಟಿ, ಅಫಿಡವಿಟ್ಟು, ಫೋಟೋ ಎಲ್ಲಾ ಜೋಡ್ಸಿ ಟ್ಯಾಗ್ ಹಾಕಿ ಕೊಟ್ರೆ ಕೇಸ್ ವರ್ಕರ್ ಒಂದು ನಿಮಿಷದಲ್ಲಿ ವಾಪಸ್ ಕೊಟ್ರು. ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮುಂದೆ ಇದೆ, ಪ್ಯಾನಲ್ಲಿ ಅಪ್ಪನ ಹೆಸ್ರು ಪೂರ್ತಿ ಹಿಂದೆ ಇದೆ, ಇಬ್ರೂ ಒಬ್ರೇ ಅಂತ ನೋಟರಿ ಮಾಡ್ಸಿ ತಾ ಅಂದ್ರು. ಸೋಮವಾರ ಮತ್ತೆ ಹೋಗ್ಬೇಕು. ಅಂದಂಗೆ ಟೆಂಡರ್ ಹಾಕೋ ಕೆಪಿಪಿಪಿ ಪೋರ್ಟಲ್‌ಗೆ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಈಗ್ಲೇ ತಗೋಬೇಕಾ, ಕಾರ್ಡ್ ಬಂದ್ಮೇಲೆ ತಗೊಂಡ್ರೂ ನಡಿಯುತ್ತಾ?

---

ಹಾವೇರಿ ಮಂದಿ

ನೋಟರಿ ಮುಗಿಸ್ಕೊಂಡ ಮ್ಯಾಲ ತಗೋ, ಇಲ್ಲಾಂದ್ರ ಟೋಕನ್ ಒಂದ್ ಹೆಸರಿಲೆ, ಕಾರ್ಡ್ ಒಂದ್ ಹೆಸರಿಲೆ ಬರ್ತೈತಿ. ಮತ್ತ ತಗೊಂಡ ಮ್ಯಾಲ ಆ ಟೋಕನ್ ಆನ್‌ಲೈನ್ ಸೆಂಟರ್ ಹುಡುಗನ ಹಂತ್ಯಾಕ ಬಿಟ್ಟ ಬರಬ್ಯಾಡ. ನಾ ಬಿಟ್ಟ ಬಂದಿದ್ಯಾ, ಟೆಂಡರ್ ಕಡೀ ದಿನ ಮೂರುವರಿಗೆ ಅವನ ಅಂಗಡಿ ಶಟರ್ ಹಾಕಿತ್ತು, ಅಂವ ಅಕ್ಕನ ಮದವಿಗೆ ಹೋಗಿದ್ದ.