ಟೆನಿಸ್ ವರದಿಯ ‘ಶ್ರೇಯಾಂಕ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಪುರುಷರ ಸಿಂಗಲ್ಸ್ ವರದಿಗಳಲ್ಲಿ ಬರುವ ‘ಶ್ರೇಯಾಂಕ’ ಎಂಬ ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಿತ್ತು. ನಾನಿರುವುದು ಕೊಡಗಿನ ನಾಪೋಕ್ಲು ಕಡೆ. ಇಲ್ಲಿ ಹಾಕಿಯ ಮಾತೇ ಜಾಸ್ತಿ. ಆದರೂ ರೋಹನ್ ಬೋಪಣ್ಣ ನಮ್ಮವರು ಅನ್ನುವ ಅಭಿಮಾನದಿಂದ ಟೆನಿಸ್ ಸುದ್ದಿಯನ್ನೂ ಜನ ಬಿಡದೆ ಓದುತ್ತಾರೆ. ಮೊನ್ನೆ ಅಣ್ಣನ ಮಗಳು ಕೇಳಿದಳು: “ಚಿಕ್ಕಪ್ಪ, ಒಬ್ಬನೇ ಆಟಗಾರನಿಗೆ ಒಂದು ಕಡೆ ಒಂದು ಶ್ರೇಯಾಂಕ, ಇನ್ನೊಂದು ಕಡೆ ಬೇರೆ ಶ್ರೇಯಾಂಕ ಯಾಕಿದೆ?” ನ್ಯಾಯವಾದ ಪ್ರಶ್ನೆ.

2024ರ ಆಸ್ಟ್ರೇಲಿಯನ್ ಓಪನ್ ಮೊದಲ ಸುತ್ತನ್ನೇ ನೋಡಿ. ನಮ್ಮ ಸುಮಿತ್ ನಗಾಲ್ ಅರ್ಹತಾ ಸುತ್ತು ದಾಟಿ ಬಂದು ಕಜಕಸ್ತಾನದ ಅಲೆಕ್ಸಾಂಡರ್ ಬಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಬಬ್ಲಿಕ್ ಅವರನ್ನು ‘31ನೇ ಶ್ರೇಯಾಂಕದ ಆಟಗಾರ’ ಎಂದೂ ಬರೆಯಬಹುದು, ‘ವಿಶ್ವದ 27ನೇ ಶ್ರೇಯಾಂಕದ ಆಟಗಾರ’ ಎಂದೂ ಬರೆಯಬಹುದು. ಈಗಿನ ಬಳಕೆಯಲ್ಲಿ ಎರಡೂ ಸರಿ. 31 ಅವರ ಸೀಡ್, 27 ಅವರ ರ‍್ಯಾಂಕಿಂಗ್. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಏನು ತಿಳಿಯಬೇಕು?

ಇವೆರಡೂ ಬೇರೆ ಬೇರೆ ವಸ್ತುಗಳು. ರ‍್ಯಾಂಕಿಂಗ್ ಎಂಬುದು 52 ವಾರಗಳ ಆಟದ ಲೆಕ್ಕ. ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆಯಾದ ಎಟಿಪಿ ಇದನ್ನು 1973ರ ಆಗಸ್ಟ್‌ನಲ್ಲಿ ಶುರು ಮಾಡಿತು. ಮೊದಲ ಪಟ್ಟಿಯ ಮೊದಲ ಹೆಸರು ರೊಮೇನಿಯಾದ ಇಲಿ ನಸ್ತಾಸೆ ಅವರದು. ಪಟ್ಟಿ ಸಾಮಾನ್ಯವಾಗಿ ಸೋಮವಾರ ಬದಲಾಗುತ್ತದೆ. ಸೀಡ್ ಹಾಗಲ್ಲ. ಅದು ಆ ಒಂದು ಟೂರ್ನಿಗೆ ಮಾತ್ರ. ಡ್ರಾ, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹಾಕುವಾಗ ಬಲವಾದ ಆಟಗಾರರು ಮೊದಲ ಸುತ್ತಿನಲ್ಲೇ ಒಬ್ಬರಿಗೊಬ್ಬರು ಎದುರಾಗದ ಹಾಗೆ ದೂರ ದೂರ ಕೂರಿಸುವ ವ್ಯವಸ್ಥೆ ಅದು. ಒಂದನೇ ಸೀಡ್ ಡ್ರಾದ ಒಂದು ತುದಿಯಲ್ಲಿ, ಎರಡನೆಯದು ಇನ್ನೊಂದು ತುದಿಯಲ್ಲಿ. ಹಾಗಾಗಿ ಅವರಿಬ್ಬರೂ ಫೈನಲ್‌ನಲ್ಲಿ ಮಾತ್ರ ಎದುರಾಗಲು ಸಾಧ್ಯ. ಮೂರು, ನಾಲ್ಕು ಯಾವ ಅರ್ಧಕ್ಕೆ ಹೋಗಬೇಕು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ 128 ಜನ ಆಡುತ್ತಾರೆ, ಅವರಲ್ಲಿ 32 ಜನರಿಗೆ ಸೀಡ್. ಬೆಂಗಳೂರು ಓಪನ್‌ನಂಥ, ಕೆಳ ಹಂತದ ಚಾಲೆಂಜರ್ ಟೂರ್ನಿಯಲ್ಲಿ 32 ಜನರ ಡ್ರಾ, ಎಂಟು ಸೀಡ್.

ಗೊಂದಲ ಜೋರಾಗುವುದು ‘ಶ್ರೇಯಾಂಕರಹಿತ’ ಎಂದು ಬರೆದಾಗ. 1985ರಲ್ಲಿ 17ರ ಹುಡುಗ ಬೋರಿಸ್ ಬೆಕರ್ ವಿಂಬಲ್ಡನ್ ಗೆದ್ದರು. ಅಲ್ಲಿ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಶ್ರೇಯಾಂಕರಹಿತ ಆಟಗಾರ ಅವರು. ಇದನ್ನು ಓದಿದವರಿಗೆ ಎಲ್ಲಿಂದಲೋ ಬಂದ, ಯಾವ ಪಟ್ಟಿಯಲ್ಲೂ ಇಲ್ಲದ ಹುಡುಗ ಅನ್ನಿಸುತ್ತದೆ ಅಲ್ವಾ? ಆದರೆ ಬೆಕರ್ ಆಗ ವಿಶ್ವದ 20ನೇ ಸ್ಥಾನದಲ್ಲಿದ್ದರು. ಆ ಕಾಲದಲ್ಲಿ ವಿಂಬಲ್ಡನ್‌ನಲ್ಲಿ ಸೀಡ್ ಸಿಗುತ್ತಿದ್ದದ್ದು 16 ಜನರಿಗೆ ಮಾತ್ರ. ಅದು 32 ಆಗಿದ್ದು 2001ರಲ್ಲಿ. ಅದೇ ವರ್ಷ ವೈಲ್ಡ್‌ಕಾರ್ಡ್ (ಆಯೋಜಕರ ವಿಶೇಷ ಪ್ರವೇಶ) ಪಡೆದು ಬಂದ ಗೊರಾನ್ ಇವಾನಿಸೆವಿಚ್ ಗೆದ್ದರು. ಅವರೂ ‘ಶ್ರೇಯಾಂಕರಹಿತ’ರೇ, ಆದರೆ ರ‍್ಯಾಂಕಿಂಗ್ 125. ಇಪ್ಪತ್ತನೆಯವನನ್ನೂ ನೂರಿಪ್ಪತ್ತೈದನೆಯವನನ್ನೂ ಒಂದೇ ಪದದಿಂದ ಕರೆದರೆ, ಇಬ್ಬರ ಸಾಧನೆಯ ನಡುವಿನ ವ್ಯತ್ಯಾಸವೇ ಕಾಣದೆ ಹೋಗುತ್ತದೆ.

ಇನ್ನೂ ಕಷ್ಟದ ಉದಾಹರಣೆ 2018ರ ವಿಂಬಲ್ಡನ್. ಆಗ ಅಲ್ಲಿ ಪುರುಷರ ಸೀಡ್ ಕೊಡುವಾಗ ಹುಲ್ಲಿನ ಅಂಗಳದಲ್ಲಿ ಹೇಗೆ ಆಡಿದ್ದಾರೆ ಎಂಬುದನ್ನೂ ಸೇರಿಸಿ ಲೆಕ್ಕ ಹಾಕುತ್ತಿದ್ದರು. ರ‍್ಯಾಂಕಿಂಗ್‌ನಲ್ಲಿ ನಡಾಲ್ ಒಂದನೆಯವರು. ಸೀಡ್‌ನಲ್ಲಿ ಫೆಡರರ್ ಒಂದು, ನಡಾಲ್ ಎರಡು. ಇದನ್ನು ನಮ್ಮ ಪದದಲ್ಲಿ ಬರೆದು ನೋಡಿ: ‘ವಿಶ್ವದ ಅಗ್ರ ಶ್ರೇಯಾಂಕದ ನಡಾಲ್‌ಗೆ ಎರಡನೇ ಶ್ರೇಯಾಂಕ.’ ಆಟ ಗೊತ್ತಿಲ್ಲದವರು ಅಚ್ಚಿನ ತಪ್ಪು ಎಂದೇ ತಿಳಿಯುತ್ತಾರೆ. ಆ ಲೆಕ್ಕವನ್ನು ವಿಂಬಲ್ಡನ್ 2021ರಿಂದ ಕೈಬಿಟ್ಟಿದೆ, ಆದರೆ ಹಳೆಯ ಪಂದ್ಯಗಳ ಬಗ್ಗೆ ಬರೆಯುವವರಿಗೆ ತೊಂದರೆ ತಪ್ಪಿಲ್ಲ.

ನನ್ನ ಸಲಹೆ ಇಷ್ಟು. ‘ಶ್ರೇಯಾಂಕ’ವನ್ನು ಸೀಡ್‌ಗೆ ಮಾತ್ರ ಇಟ್ಟುಕೊಳ್ಳೋಣ. ರ‍್ಯಾಂಕಿಂಗ್‌ಗೆ ರ‍್ಯಾಂಕಿಂಗ್ ಎಂದೇ ಬರೆಯೋಣ, ಇಲ್ಲವೇ ‘ವಿಶ್ವದ 27ನೇ ಸ್ಥಾನ’ ಎನ್ನೋಣ. ರ‍್ಯಾಂಕ್ ಪದ ಪರೀಕ್ಷೆಯ ಫಲಿತಾಂಶದಿಂದಾಗಿ ಮನೆಮನೆಗೂ ಗೊತ್ತು. ಶ್ರೇಯ, ಅಂಕ ಎಂದು ಬಿಡಿಸಿದರೆ ಆ ಪದ ರ‍್ಯಾಂಕಿಂಗ್ ಕಡೆಗೇ ವಾಲುತ್ತದೆ, ನಿಜ. ಆದರೆ ‘ಶ್ರೇಯಾಂಕರಹಿತ’, ‘ಅಗ್ರ ಶ್ರೇಯಾಂಕ’ ಎಂಬವು ಸೀಡ್‌ನ ಅರ್ಥದಲ್ಲಿ ಚೆನ್ನಾಗಿ ಬೇರೂರಿವೆ. ಅವನ್ನು ಕೀಳುವುದು ಬೇಡ.

ಇಂಗ್ಲಿಷಿನ ಸೀಡ್ ಬಿತ್ತನೆಯಿಂದ ಬಂದದ್ದು, ಹಾಗಾಗಿ ‘ಬಿತ್ತನೆ’ ಎನ್ನಬಹುದು ಎಂದು ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ನಮ್ಮ ಗದ್ದೆಯ ಲೆಕ್ಕದಲ್ಲಿ ಸಸಿಮಡಿಗೆ ಬಿತ್ತುವಾಗ ಬೀಜ ಒತ್ತೊತ್ತಾಗಿ ಬೀಳುತ್ತದೆ. ದೂರ ದೂರ ಇಡುವುದು ನಾಟಿ ಮಾಡುವಾಗ. ಟೆನಿಸ್ ಡ್ರಾದಲ್ಲಿ ನಡೆಯುವುದು ನಾಟಿಯ ಕೆಲಸ.

ಜೊತೆಗೆ ಇನ್ನೊಂದು ಪದ. ಗಾಯವಾಗಿ ಪಂದ್ಯದ ನಡುವೆ ಆಟ ನಿಲ್ಲಿಸಿದರೆ ಕೆಲವರು ‘ನಿವೃತ್ತರಾದರು’ ಎಂದು ಬರೆಯುತ್ತಾರೆ. ಇದು ಬೇಡವೇ ಬೇಡ. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧದ, ಐದು ಪಂದ್ಯಗಳ ಡೇವಿಸ್ ಕಪ್ ಹಣಾಹಣಿಯಲ್ಲಿ ಭಾರತ 0-2ರಿಂದ ಹಿಂದೆ ಬಿದ್ದಿತ್ತು. ನಾಲ್ಕನೇ ಪಂದ್ಯದಲ್ಲಿ ನಮ್ಮ ಸೋಮದೇವ್ ದೇವವರ್ಮನ್ ಎದುರು ಥಾಮಸ್ ಬೆಲ್ಲೂಚಿ ಅರ್ಧಕ್ಕೆ ಆಟ ಬಿಟ್ಟುಕೊಟ್ಟರು. ಐದನೇ ಪಂದ್ಯದಲ್ಲಿ ಬೋಪಣ್ಣ, ರಿಕಾರ್ಡೊ ಮೆಲ್ಲೊ ಅವರನ್ನು ಸೋಲಿಸಿ ಭಾರತವನ್ನು ಗೆಲ್ಲಿಸಿದರು. ಡಬಲ್ಸ್‌ನ ಬೋಪಣ್ಣ ಎಂದಷ್ಟೇ ಗೊತ್ತಿರುವವರು ಈ ಸಿಂಗಲ್ಸ್ ಗೆಲುವನ್ನು ಮರೆಯಬಾರದು. ಬೆಲ್ಲೂಚಿ ಆಮೇಲೂ ವರ್ಷಗಟ್ಟಲೆ ಆಡಿದರು. ನಿವೃತ್ತಿ ಎಂದರೆ 2025ರ ನವೆಂಬರ್‌ನಲ್ಲಿ ಬೋಪಣ್ಣ ಪ್ರಕಟಿಸಿದ್ದು. ಪಂದ್ಯದ ಮಟ್ಟಿಗೆ ‘ಬಿಟ್ಟುಕೊಟ್ಟರು’, ‘ಹಿಂದೆ ಸರಿದರು’ ಸಾಕು.

‘ಎಂಟರ ಘಟ್ಟ’, ‘ಹದಿನಾರರ ಘಟ್ಟ’ ಮಾತ್ರ ನನಗೆ ಬಹಳ ಇಷ್ಟ. ಎಷ್ಟು ಜನ ಉಳಿದಿದ್ದಾರೆ ಎಂದು ಪದವೇ ಹೇಳುತ್ತದೆ.

ಈಗ ನನ್ನ ಪ್ರಶ್ನೆಗಳು. ಪತ್ರಿಕೆಗಳ ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ‘ಶ್ರೇಯಾಂಕ’ ಮೊದಲು ಯಾವುದಕ್ಕೆ ಬಳಕೆಯಾಯಿತು, ಸೀಡ್‌ಗೋ ರ‍್ಯಾಂಕಿಂಗ್‌ಗೋ? ಹಳೆಯ ಸಂಚಿಕೆಯ ಒಂದು ಸಾಲು ಸಿಕ್ಕರೂ ಉಪಕಾರ. ಎರಡನೆಯದು, ಡ್ರಾಗೆ ನಮ್ಮ ಕೌಟುಂಬಿಕ ಹಾಕಿಯಲ್ಲಿ ‘ಟೈಸ್’ ಎನ್ನುತ್ತೇವೆ, ಮೊದಲ ಸುತ್ತು ಆಡದೆ ಮುಂದೆ ಹೋದರೆ ‘ಬೈ ಸಿಕ್ಕಿತು’ ಎನ್ನುತ್ತೇವೆ. ನಿಮ್ಮ ಊರಿನ ಕಬಡ್ಡಿ, ವಾಲಿಬಾಲ್ ಅಂಗಳಗಳಲ್ಲಿ ಇವಕ್ಕೆ ಬೇರೆ ಮಾತು ಇದೆಯೇ?