ಸಹಾಯ ಬೇಕು: ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್‌ಗೆ ಸೇರಿಸೋದಾ, ಕ್ಯಾಂಪಸ್ ಹಾಸ್ಟೆಲ್‌ಗೆ ಕಾಯೋದಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಎಂ.ಎಸ್ಸಿ. ಸೀಟು ಸಿಕ್ಕಿದೆ. ಯೂನಿವರ್ಸಿಟಿ ನಮ್ಮೂರಿಂದ 140 ಕಿಲೋಮೀಟರ್, ದಿನಾ ಓಡಾಡುವ ಮಾತೇ ಇಲ್ಲ.

ಕ್ಯಾಂಪಸ್ ಒಳಗಿನ ಲೇಡೀಸ್ ಹಾಸ್ಟೆಲ್‌ಗೆ ಅಡ್ಮಿಷನ್ ದಿನವೇ ಅರ್ಜಿ ಕೊಟ್ಟೆವು. ಎರಡು ಲಿಸ್ಟ್ ಬಂದವು, ಎರಡರಲ್ಲೂ ಹೆಸರಿಲ್ಲ. ವೇಟಿಂಗ್‌ನಲ್ಲಿ 23ನೇ ನಂಬರ್. ವಾರ್ಡನ್ ಮೇಡಂ ಹತ್ತಿರ ಮೂರು ಸಲ ಹೋಗಿ ಕೇಳಿದೆ, "ರೂಮ್ ಖಾಲಿಯಾಗಲಿ, ನೋಡೋಣ" ಅಂತಾರೆ. ಸದ್ಯ ಅವಳು ನಮ್ಮೂರಿನ ಹುಡುಗಿಯ ರೂಮಿನಲ್ಲಿ, ಎರಡು ಮಂಚದ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಾಳೆ. ತಂದ ಬ್ಯಾಗ್ ಇನ್ನೂ ಬಿಚ್ಚಿಲ್ಲ. ನೆನೆದರೆ ಸಂಕಟವಾಗುತ್ತದೆ.

ಪಿಜಿ ತಿಂಗಳಿಗೆ 6,000, ಜೊತೆಗೆ ಅಡ್ವಾನ್ಸ್. ಅಪ್ಪನ ಕೈಯಲ್ಲಿ ಆಗಲ್ಲ.

ಸರ್ಕಾರಿ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕುವ ಎಸ್‌ಎಚ್‌ಪಿ ಪೋರ್ಟಲ್‌ನಲ್ಲಿ ಬಿಸಿಎಂ ಹಾಸ್ಟೆಲ್‌ಗೂ ಹಾಕಿದ್ದೆವು (ನಾವು ಹಿಂದುಳಿದ ವರ್ಗ, 2ಎ). ಅಲ್ಲಿ ಸೀಟು ಬಂದಿದೆ. ಊಟ, ವಸತಿ ಉಚಿತ. ಆದರೆ ಕ್ಯಾಂಪಸ್‌ನಿಂದ 7 ಕಿಲೋಮೀಟರ್. ಲ್ಯಾಬ್ ಮುಗಿಯುವುದೇ ಸಂಜೆ ಆರಕ್ಕೆ, ಆಮೇಲೆ ಬಸ್ ಕಡಿಮೆ. ಕ್ಯಾಂಪಸ್‌ನಲ್ಲಿ ಮೆಸ್ ಬಿಲ್ ಕಟ್ಟಬೇಕು ನಿಜ, ಆದರೆ ಲ್ಯಾಬು, ಲೈಬ್ರರಿ ಎಲ್ಲಾ ನಡೆದು ಹೋಗುವಷ್ಟು ಹತ್ತಿರ. ಹೆಣ್ಣುಮಗಳಿಗೆ ಅದು ಮುಖ್ಯ ಅಲ್ವಾ?

ಗೊಂದಲ ಇಲ್ಲೇ. ವಿದ್ಯಾಸಿರಿ (ಊಟ, ವಸತಿಗೆ ಸರ್ಕಾರ ಕೊಡುವ ಸಹಾಯಧನ) ಹಾಸ್ಟೆಲ್ ಸಿಗದವರಿಗೆ ಮಾತ್ರ ಅಂತ ಗೊತ್ತು. ಸೋಮವಾರದೊಳಗೆ ದಾಖಲೆ ಕೊಟ್ಟು ಸೇರದಿದ್ದರೆ ಬಿಸಿಎಂ ಸೀಟು ಹೋಗುತ್ತದೆ. ಈಗ ಅಲ್ಲಿ ಸೇರಿಸಿ, ಮುಂದಿನ ತಿಂಗಳು ಕ್ಯಾಂಪಸ್‌ನಲ್ಲಿ ರೂಮ್ ಸಿಕ್ಕರೆ ನಡುವೆ ಬಿಟ್ಟು ಬರಬಹುದಾ? ಹಾಗೆ ಬಿಟ್ಟರೆ ಈ ವರ್ಷದ ಸ್ಕಾಲರ್‌ಶಿಪ್‌ಗೆ ತೊಂದರೆ ಆಗುತ್ತಾ? ಹೀಗೆ ಬದಲಾಯಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ.