ಮಗನಿಗೆ ಎಷ್ಟು ಬಡಿಸಿದರೂ ಸಾಲುವುದಿಲ್ಲ: ಡಯಟಿಷಿಯನ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ತಾಯಿ):

ನಮಸ್ತೆ ಮೇಡಂ. ನನ್ನ ಮಗನಿಗೆ 15 ವರ್ಷ, ಹತ್ತನೇ ಕ್ಲಾಸ್. ಕಳೆದ ಮಳೆಗಾಲದಿಂದ ಅವನ ಹಸಿವು ನೋಡಿ ನಮಗೇ ಹೆದರಿಕೆ. ಎಂಟನೇ ಕ್ಲಾಸಿನ ತನಕ ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗುತ್ತಿತ್ತು. ಈಗ ಬುತ್ತಿ. ಅದರಲ್ಲಿ ಒಂದು ಅಗಳೂ ಉಳಿಯುವುದಿಲ್ಲ. ಸಂಜೆ ಬಂದವನು ಬ್ಯಾಗ್ ಹಾಕಿಕೊಂಡೇ ಅಡುಗೆಮನೆಗೆ ನುಗ್ಗುತ್ತಾನೆ. ಬಿಸ್ಕೆಟ್ ಒಂದು ಪ್ಯಾಕೆಟ್, ಮಿಕ್ಸ್ಚರ್, ಬ್ರೆಡ್, ಸಿಕ್ಕಿದ್ದೆಲ್ಲ ಖಾಲಿ. ಆಮೇಲೆ ಫುಟ್‌ಬಾಲ್. ಎಂಟು ಗಂಟೆಗೆ ಐದು ಜನರಿಗೆ ಮಾಡಿಟ್ಟ ಅನ್ನದಲ್ಲಿ ಅರ್ಧ ಅವನಿಗೇ ಬೇಕು. ರಾತ್ರಿ ಹತ್ತೂವರೆಗೆ ಮತ್ತೆ ಫ್ರಿಜ್ ತೆಗೆದ ಸದ್ದು. ಇಷ್ಟು ತಿಂದರೂ ಸಪೂರ. ಉದ್ದ ಮಾತ್ರ ಬೆಳೆಯುತ್ತಿದ್ದಾನೆ.

ಅತ್ತೆ ಹೊಟ್ಟೆಹುಳ ಅನ್ನುತ್ತಾರೆ. ಯಜಮಾನರು ಸುಮ್ನೆ ಬಾಯಿಚಪಲ ಅನ್ನುತ್ತಾರೆ. ನಾನು ಕೆಲಸ ಮುಗಿಸಿ ಬರುವಾಗ ಆರು ಗಂಟೆ. ತಂಗಿ 11 ವರ್ಷದವಳು, ಅವಳ ಪಾಲಿಗೆ ಏನೂ ಉಳಿಯುವುದಿಲ್ಲ ಅಂತ ದಿನಾ ಜಗಳ. ನಾವು ಮೀನು, ಮೊಟ್ಟೆ ತಿನ್ನುತ್ತೇವೆ. ಇದು ಕಾಯಿಲೆಯಾ? ಅಲ್ಲದಿದ್ದರೆ ಅಡುಗೆ ಹೇಗೆ ಸುಧಾರಿಸುವುದು? ಖರ್ಚು ಕೈಮೀರಿದೆ.

ಉತ್ತರ (ಡಯಟಿಷಿಯನ್):

ಮೊದಲು ಕಾಯಿಲೆಯ ಮಾತು ಮುಗಿಸೋಣ. ತುಂಬಾ ತಿಂದೂ ತೂಕ *ಇಳಿಯುತ್ತಿದ್ದರೆ*, ಅದರ ಜೊತೆ ಬಾಯಾರಿಕೆ ಜಾಸ್ತಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಇದ್ದರೆ ತಡ ಮಾಡದೆ ಅದೇ ದಿನ ರಕ್ತದ ಸಕ್ಕರೆ ನೋಡಿಸಿ. ಈ ವಯಸ್ಸಿನಲ್ಲಿ ಟೈಪ್ 1 ಡಯಾಬಿಟಿಸ್ ಹೀಗೇ ಶುರುವಾಗುತ್ತದೆ. ಕೈ ನಡುಕ, ಎದೆ ಬಡಿತ, ಸೆಕೆ ತಡೆಯಲಾಗದಿರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ. ನಿಮ್ಮ ಮಗ ಉದ್ದ ಬೆಳೆಯುತ್ತಿದ್ದಾನೆ, ಆಟ ಆಡುತ್ತಿದ್ದಾನೆ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಅದು ನಿಧಾನಕ್ಕೆ ಏರುತ್ತಿದ್ದರೆ ಸಾಕು.

ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. 19 ವರ್ಷದ ತನಕದ ಮಕ್ಕಳಿಗೆ ಶಾಲೆಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುವುದು ಹುಳಕ್ಕೇ. ಅದು ತಪ್ಪಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಆದರೆ ಮಾತ್ರೆ ತಿಂದ ಮರುದಿನ ಹಸಿವು ಕಡಿಮೆಯಾಗುತ್ತದೆ ಅಂತ ಕಾಯಬೇಡಿ. ಆಗುವುದಿಲ್ಲ.

ಇನ್ನು ಬಾಯಿಚಪಲದ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 2860 ಕ್ಯಾಲರಿ ಬೇಕು. ಕೂತು ಕೆಲಸ ಮಾಡುವ ಗಂಡಸಿಗೆ 2110 ಸಾಕು. ನಿಮ್ಮ ಯಜಮಾನರದ್ದು ಕೂತು ಮಾಡುವ ಕೆಲಸವಾದರೆ ಅವರಿಗಿಂತ ಮಗನಿಗೆ 750 ಜಾಸ್ತಿ. ಅಂದರೆ ಇನ್ನೊಂದು ಪೂರ್ತಿ ಊಟ. ಇದನ್ನು ಅವರಿಗೆ ಓದಿ ಹೇಳಿ.

ಆ ಇನ್ನೊಂದು ಊಟ ಯಾವಾಗ ಅನ್ನುವುದೇ ನಿಮ್ಮ ಮನೆಯ ಪ್ರಶ್ನೆ. ಮಧ್ಯಾಹ್ನ ಒಂದಕ್ಕೆ ಉಂಡ ಹುಡುಗ ಸಂಜೆ ಐದಕ್ಕೆ ಮನೆಗೆ ಬರುತ್ತಾನೆ. ಆಗ ಅವನಿಗೆ ಬೇಕಾಗಿರುವುದು ಊಟ. ನಾವು ಕೊಡುವುದು ಚಾ ಮತ್ತು ಬಿಸ್ಕೆಟ್. ಅವನು ಒಂದು ಪ್ಯಾಕೆಟ್ ಮುಗಿಸುತ್ತಾನೆ, ಆದರೂ ಹೊಟ್ಟೆ ತುಂಬುವುದಿಲ್ಲ. ಮೈದಾ, ಸಕ್ಕರೆ, ಎಣ್ಣೆ ಬಿಟ್ಟು ಅದರಲ್ಲಿ ಹೆಚ್ಚೇನೂ ಇಲ್ಲವಲ್ಲ. ಎಂಟು ಗಂಟೆಗೆ ಅದೇ ಹಸಿವು ಇಡೀ ಮನೆಯ ಅನ್ನದ ಮೇಲೆ ಬೀಳುತ್ತದೆ.

ಹಾಗಾಗಿ ಐದು ಗಂಟೆಗೆ ತಟ್ಟೆ ಹಾಕಿ ಊಟವನ್ನೇ ಕೊಡಿ. ನಮ್ಮಲ್ಲಿ ಇದು ಕಷ್ಟ ಅಲ್ಲ. ಕುಚ್ಚಿಲಕ್ಕಿಯ ಅನ್ನ ಬೆಳಿಗ್ಗೆ ಹೇಗೂ ಆಗುತ್ತದೆ, ಸಂಜೆಗೆ ಬೇಕಾದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಥರ್ಮಲ್ ಕುಕ್ಕರ್ ಇದ್ದರೆ ಅತ್ತೆಯವರು ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು ಪಾವು ಅಕ್ಕಿಯನ್ನು ಕುದಿಸಿ ಅದರಲ್ಲಿ ಇಟ್ಟುಬಿಟ್ಟರೆ ಐದಕ್ಕೆ ಬಿಸಿ ಗಂಜಿ ರೆಡಿ. ಗ್ಯಾಸೂ ಉಳಿಯುತ್ತದೆ. ಗಂಜಿಗೆ ಹೆಸರುಕಾಳಿನ ಪಲ್ಯ, ಎರಡು ಮೊಟ್ಟೆ. ಇನ್ನೊಂದು ದಿನ ಮರಗೆಣಸು ಬೇಯಿಸಿ ಬೂತಾಯಿ ಸಾರು. ಮತ್ತೊಂದು ದಿನ ಪುಟ್ಟು, ಕಡಲೆ ಗಸಿ. ಬೆಳಗ್ಗಿನ ದೋಸೆಹಿಟ್ಟು ಉಳಿದಿದ್ದರೆ ಮೊಟ್ಟೆ ಒಡೆದು ಹಾಕಿದ ದೋಸೆಯನ್ನು ಅವನೇ ಹುಯ್ದುಕೊಳ್ಳಲಿ. ಹದಿನೈದು ವರ್ಷದವನಿಗೆ ಕಾವಲಿ ಹಿಡಿಯಲು ಬರಬೇಕು. ಅಮ್ಮ ಬರುವ ತನಕ ಹಸಿದು ಕೂರುವುದು ಯಾವ ನ್ಯಾಯ? ಐದಕ್ಕೆ ಚೆನ್ನಾಗಿ ಉಂಡರೆ ಎಂಟು ಗಂಟೆಗೆ ಅವನ ಪಾಲು ತಾನಾಗಿ ಇಳಿಯುತ್ತದೆ. ಒಂದು ವಾರ ಮಾಡಿ ನೋಡಿ.

ಅನ್ನ ಕಡಿಮೆ ಮಾಡು ಅಂತ ನಾನು ಹೇಳುವುದಿಲ್ಲ. ಅನ್ನದ ಜೊತೆ ಏನಿದೆ ಅನ್ನುವುದನ್ನು ನೋಡಿ. ನಮ್ಮ ಕಡೆ ದೊಡ್ಡ ಗುಡ್ಡೆ ಅನ್ನ, ಮೇಲೆ ತೆಳ್ಳಗಿನ ಸಾರು, ಬದಿಯಲ್ಲಿ ಉಪ್ಪಿನಕಾಯಿ. ಇದೇ ಬೇಗ ಹಸಿವಾಗುವುದಕ್ಕೆ ಕಾರಣ. ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆಕಾಳು ಸೇರಬೇಕು. ಎರಡನ್ನೂ ಬೇಯಿಸುವ ಮೊದಲೇ ಅಳೆಯಿರಿ. ಅವನು ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೆ 100 ಗ್ರಾಂ ಕಾಳು ಹೊಟ್ಟೆಗೆ ಹೋಗಬೇಕು. ಸಾರಿನ ತಳದಲ್ಲಿರುವ ನಾಲ್ಕು ಕಾಳಿನಿಂದ ಆ ಲೆಕ್ಕ ಮುಟ್ಟುವುದಿಲ್ಲ.

ಖರ್ಚಿನ ಬಗ್ಗೆ: ಬೇಕರಿಯ ಒಂದು ಪಫ್ಸ್ ದುಡ್ಡಿಗೆ ಎರಡು ಮೊಟ್ಟೆ ಬರುತ್ತದೆ. ತಿಂಗಳ ಸಾಮಾನಿನ ಚೀಟಿಯಿಂದ ಬಿಸ್ಕೆಟ್, ಮಿಕ್ಸ್ಚರ್ ತೆಗೆದು ಆ ದುಡ್ಡಿಗೆ ನೆಲಗಡಲೆ, ಹುರುಳಿ, ಹೆಸರುಕಾಳು ಬರೆಯಿರಿ. ಶನಿವಾರ ರಾತ್ರಿ ಅರ್ಧ ಕಿಲೋ ಕಾಳು ನೆನೆಹಾಕಿ. ಭಾನುವಾರ ಬೇಯಿಸಿ ಡಬ್ಬಿಗಳಲ್ಲಿ ಹಾಕಿ. ಎರಡು ಮೂರು ದಿನದ್ದು ಫ್ರಿಜ್‌ನಲ್ಲಿ, ಉಳಿದದ್ದು ಫ್ರೀಜರಿನಲ್ಲಿ. ಕಾಳು ಬೆಂದು ತಯಾರಿದ್ದರೆ ಒಗ್ಗರಣೆ ಹಾಕಲು ಐದು ನಿಮಿಷ ಸಾಕು. ಹಲಸಿನ ಬೇಳೆಯ ಸಾಂತಾಣಿ (ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ್ದು) ಅತ್ತೆಯವರಿಗೆ ಗೊತ್ತಿರಬಹುದು. ಈಗ ಯಾರೂ ಮಾಡುವುದಿಲ್ಲ. ಕೇಳಿ ಮಾಡಿಸಿ, ಓದುವಾಗ ಬಾಯಾಡಿಸಲು ಒಳ್ಳೆಯದು.

ಮಗಳ ವಿಷಯಕ್ಕೆ ಬೇರೆಯೇ ಹೇಳಬೇಕು. ಬೆಳೆಯುವ ಗಂಡು ಹುಡುಗ ಅಂತ ಮೊಟ್ಟೆ, ಮೀನಿನ ದೊಡ್ಡ ತುಂಡು ಅವನ ತಟ್ಟೆಗೆ ಹೋಗುವುದನ್ನು ತುಂಬಾ ಮನೆಗಳಲ್ಲಿ ನೋಡುತ್ತೇನೆ. ಅವಳ ವಯಸ್ಸಿಗೆ ದಿನಕ್ಕೆ 28 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು, ಅವನಿಗೆ 22. ಕ್ಯಾಲರಿ ಅವನಿಗೆ ಜಾಸ್ತಿ, ಕಬ್ಬಿಣ ಅವಳಿಗೆ ಜಾಸ್ತಿ. ಹಾಗಾಗಿ ಅನ್ನ, ಗೆಣಸು, ದೋಸೆ ಅವನು ಬೇಕಾದಷ್ಟು ಹಾಕಿಕೊಳ್ಳಲಿ. ಮೊಟ್ಟೆ, ಮೀನು, ಕಾಳಿನ ಪಲ್ಯ ಮಾತ್ರ ಮೊದಲೇ ಪಾಲು ಮಾಡಿ ಅವಳದ್ದನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡಿ. ಜಗಳವೂ ನಿಲ್ಲುತ್ತದೆ. ಊಟದ ಜೊತೆಗೇ ಚಾ ಬೇಡ, ಒಂದು ಗಂಟೆ ಬಿಟ್ಟು ಕುಡಿಯಲಿ. ಚಾ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತದೆ. ಲಿಂಬೆ, ನೆಲ್ಲಿಕಾಯಿ, ಪೇರಳೆ ಹತ್ತುವ ಹಾಗೆ ಮಾಡುತ್ತವೆ.

ಪ್ರಶ್ನೆ (ನೀರ್ಚಾಲು ಕಡೆಯ ತಾಯಿ):

ನಮ್ಮಲ್ಲಿ ಮೊಟ್ಟೆ ಮೀನು ಇಲ್ಲ. 14ರ ಮಗನದ್ದೂ ಇದೇ ಕಥೆ. ನಾವೇನು ಮಾಡುವುದು?

ಉತ್ತರ:

ನಿಮ್ಮ ಮನೆಯಲ್ಲಿ ಮೊಸರು, ಮಜ್ಜಿಗೆಗೆ ಬರ ಇರಲಿಕ್ಕಿಲ್ಲ ಅಲ್ವಾ? ಮೂರು ಹೊತ್ತೂ ನೀರು ಮಜ್ಜಿಗೆ ಆದರೆ ಪ್ರಯೋಜನ ಕಡಿಮೆ. ದಿನಕ್ಕೆ ಎರಡು ಬಟ್ಟಲು ಗಟ್ಟಿ ಮೊಸರು ಕೊಡಿ. ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹುರುಳಿ ಸಾರು ಮಾಡಿ ಕಾಳು ಚೆಲ್ಲುವ ಮನೆಗಳಿವೆ. ಆ ಕಾಳಿಗೆ ತೆಂಗಿನಕಾಯಿ ಹಾಕಿ ಚಟ್ನಿಯೋ ಪಲ್ಯವೋ ಮಾಡಿ. ತಂಬುಳಿ, ಮೇಲಾರದಂಥ ಮಜ್ಜಿಗೆಯ ಅಡುಗೆ ಇರಲಿ, ಆದರೆ ಅದೊಂದೇ ಸಾಲದು, ಜೊತೆಗೆ ಕಾಳಿನದ್ದೊಂದು ಇರಲೇಬೇಕು. ಸೋಯಾ ಚಂಕ್ಸ್ ಹುಡುಗರಿಗೆ ಇಷ್ಟವಾಗುತ್ತದೆ. ಒಣಗಿದ್ದು 30 ಗ್ರಾಂ ಹಾಕಿದರೆ 15 ಗ್ರಾಂ ಪ್ರೋಟೀನ್ ಸಿಗುತ್ತದೆ. ರಾಗಿ ಮಣ್ಣಿ ಶಿಶುಗಳಿಗೆ ಮಾತ್ರ ಅಂತ ಯಾರು ಹೇಳಿದರು? ಈ ವಯಸ್ಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ 350ರಷ್ಟು ಇದೆ.

ಪ್ರಶ್ನೆ (ಮಂಜೇಶ್ವರದ ತಂದೆ):

ಮಗ ಪ್ಲಸ್ ವನ್ (ಹನ್ನೊಂದನೇ ಕ್ಲಾಸ್). ಜಿಮ್ಮಿಗೆ ಸೇರಿದ್ದಾನೆ. ಪ್ರೋಟೀನ್ ಪೌಡರ್ ಡಬ್ಬಿ ತೆಗೆಸಿಕೊಡಿ ಅಂತ ಹಟ. ಕೊಡಿಸಬಹುದಾ?

ಉತ್ತರ:

ಬೇಡ. 16ರಿಂದ 18ರ ಹುಡುಗನಿಗೆ ದಿನಕ್ಕೆ 55 ಗ್ರಾಂ ಪ್ರೋಟೀನ್ ಸಾಕು. ಲೆಕ್ಕ ಹಾಕಿ: 300 ಗ್ರಾಂ ಅಕ್ಕಿಯಲ್ಲಿ 20ರ ಮೇಲೆ, 100 ಗ್ರಾಂ ಕಾಳಿನಲ್ಲಿ 22, ಅರ್ಧ ಲೀಟರ್ ಹಾಲಿನಲ್ಲಿ 16. ಅಲ್ಲಿಗೇ ದಾಟಿತು. ಮೊಟ್ಟೆ, ಮೀನು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮೈ ಕಟ್ಟಲು ಪ್ರೋಟೀನ್ ಪೂರಕಗಳು ಬೇಡ ಅಂತ ಅದೇ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಡಬ್ಬಿಯ ದುಡ್ಡಲ್ಲಿ ತಿಂಗಳು ಪೂರ್ತಿ ಇಡೀ ಮನೆಗೆ ಮೊಟ್ಟೆ ತರಬಹುದು. ಮಗನನ್ನೇ ಅಂಗಡಿಗೆ ಕಳಿಸಿ, ರೇಟು ನೋಡಿ ಬರಲಿ.

ಪ್ರಶ್ನೆ (ಕುಂಬಳೆಯಿಂದ):

ಮೀನು ಮೀನು ಅನ್ನುತ್ತೀರಿ. ಜೂನ್, ಜುಲೈಯಲ್ಲಿ ಮೀನಿನ ರೇಟು ಕೇಳಿದ್ದೀರಾ ಮೇಡಂ? 😀

ಉತ್ತರ:

ಕೇಳಿದ್ದೇನೆ, ಕೇಳಿ ಹಾಗೇ ವಾಪಸ್ ಬಂದಿದ್ದೇನೆ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ 52 ದಿನ ಕೇರಳದಲ್ಲಿ ಟ್ರಾಲಿಂಗ್ ನಿಷೇಧ, ದೊಡ್ಡ ಬಲೆ ಎಳೆಯುವ ಬೋಟು ಕಡಲಿಗೆ ಇಳಿಯುವುದಿಲ್ಲ. ಆ ಸಮಯಕ್ಕೆ ಮೊಟ್ಟೆ, ಕಾಳು ಜಾಸ್ತಿ ಮಾಡಿ. ಒಣಮೀನು ಚಟ್ನಿ ರುಚಿಗೆ ಸರಿ, ಆದರೆ ಅದರಲ್ಲಿ ಉಪ್ಪು ವಿಪರೀತ. ಮೀನಿನ ಬದಲಿಗೆ ದಿನಾ ಅದನ್ನೇ ಕೊಡಲು ಆಗುವುದಿಲ್ಲ.

ಪ್ರಶ್ನೆ (ಉಪ್ಪಳದ ತಾಯಿ):

ನನ್ನ ಮಗ 14, ಅವನೂ ತುಂಬಾ ತಿನ್ನುತ್ತಾನೆ, ಆದರೆ ದಪ್ಪ. ಅವನಿಗೂ ಇದೇ ಹೇಳುತ್ತೀರಾ? ಫ್ರೆಂಡ್ಸ್ ಜೊತೆ ವಾರಕ್ಕೆ ಎರಡು ಸಲ ಶವರ್ಮಾ, ಮಂದಿ (ಅರಬ್ಬಿ ಶೈಲಿಯ ಮಾಂಸದ ಅನ್ನ) ಇದ್ದೇ ಇದೆ.

ಉತ್ತರ:

ಅವನಿಗೂ ಐದು ಗಂಟೆಗೆ ಊಟವೇ. ಹಸಿದು ಕೂರಿಸಿದರೆ ಹೊರಗೆ ಇನ್ನೂ ಜಾಸ್ತಿ ತಿನ್ನುತ್ತಾನೆ. ಇತರ ಮಕ್ಕಳ ಎದುರು ಅವನ ತಟ್ಟೆಗೆ ಮಾತ್ರ ಕಡಿಮೆ ಬಡಿಸುವುದು ಬೇಡವೇ ಬೇಡ. ನಾನು ಮೊದಲು ನಿಲ್ಲಿಸುವುದು ಕುಡಿಯುವ ಸಕ್ಕರೆಯನ್ನು: ಲೈಮ್ ಸೋಡಾ, ಕೋಲಾ, ಮಿಲ್ಕ್‌ಶೇಕ್, ಮೂರು ಚಮಚ ಸಕ್ಕರೆಯ ಚಾ. ಇವು ಹೊಟ್ಟೆ ತುಂಬಿಸುವುದಿಲ್ಲ, ತೂಕ ಮಾತ್ರ ಏರಿಸುತ್ತವೆ. ಆಮೇಲೆ ನಿದ್ದೆ ನೋಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಮೊಬೈಲ್ ಹಿಡಿದು ಹನ್ನೆರಡರ ತನಕ ಕೂತವನಿಗೆ ಸಿಹಿ, ಕರಿದದ್ದರ ಮೇಲೆ ಆಸೆ ಜಾಸ್ತಿ.

ಶವರ್ಮಾಕ್ಕೆ ನಿಷೇಧ ಹಾಕಿದರೆ ಕದ್ದು ತಿನ್ನುತ್ತಾನೆ. ವಾರಕ್ಕೆ ಒಂದು ಸಲ ಅಂತ ಒಪ್ಪಂದ ಮಾಡಿಕೊಳ್ಳಿ. ಎಲ್ಲಿ ತಿನ್ನುತ್ತಾನೆ ಅನ್ನುವುದನ್ನು ಮಾತ್ರ ತಿಳಿದುಕೊಳ್ಳಿ. 2022ರಲ್ಲಿ ನಮ್ಮದೇ ಜಿಲ್ಲೆಯ ಚೆರ್ವತ್ತೂರಿನಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಶವರ್ಮಾ ತಿಂದ ಒಬ್ಬಳು ವಿದ್ಯಾರ್ಥಿನಿ ತೀರಿಹೋದಳು. ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಹಸಿ ಮೊಟ್ಟೆಯ ಮಯೋನೈಸ್ ಕೇರಳದಲ್ಲಿ 2023ರಿಂದ ನಿಷಿದ್ಧ. ಪಾರ್ಸೆಲ್ ಮೇಲೆ ತಯಾರಾದ ಸಮಯದ ಚೀಟಿ ಇರಬೇಕು ಅನ್ನುವ ನಿಯಮವೂ ಇದೆ. ಅದನ್ನು ನೋಡಿ ತೆಗೆದುಕೊಳ್ಳುವ ಅಭ್ಯಾಸ ಅವನಿಗೇ ಆಗಲಿ.

ಪ್ರಶ್ನೆ (ಬದಿಯಡ್ಕದ ತಾಯಿ, ಮತ್ತೆ):

ತುಂಬಾ ಉಪಕಾರ ಮೇಡಂ. ಐದು ಗಂಟೆ ಊಟ ಶುರು ಮಾಡಿದ್ದೇವೆ. ಅತ್ತೆಗೆ ಖುಷಿ, ಮೊಮ್ಮಗನಿಗೆ ತಾನೇ ಬಡಿಸುತ್ತೇನೆ ಅನ್ನುತ್ತಾರೆ. ಎರಡು ಸಣ್ಣ ಡೌಟು. ಹತ್ತೂವರೆಯ ಫ್ರಿಜ್ ಬಾಗಿಲಿಗೆ ಏನು ಮಾಡುವುದು? ಮತ್ತೆ ಯಜಮಾನರು ಕೇಳುತ್ತಿದ್ದಾರೆ, ಇದು ಇನ್ನೆಷ್ಟು ಸಮಯ?

ಉತ್ತರ:

ಹತ್ತೂವರೆಗೆ ಒಂದು ಲೋಟ ಹಾಲು, ಒಂದು ನೇಂದ್ರ ಬಾಳೆಹಣ್ಣು. ಅವನು ಓದುತ್ತಿದ್ದರೆ ಹಸಿವಾಗುವುದು ಸಹಜ, ಬೈಯಬೇಡಿ. ಫ್ರಿಜ್‌ನಲ್ಲಿ ಕೈಗೆ ಸಿಗುವ ಜಾಗದಲ್ಲಿ ಬೇಯಿಸಿದ ಮೊಟ್ಟೆಯೋ ಕಡಲೆಯೋ ಇಡಿ. ಉಳಿದ ಅನ್ನ ಇಡುವುದಾದರೆ ಮಾಡಿದ ಎರಡು ಗಂಟೆಯೊಳಗೆ ಇಡಿ. ಸಂಜೆ ತನಕ ಹೊರಗಿದ್ದ ಅನ್ನವನ್ನು ಬಿಸಿ ಮಾಡಿದರೂ ಹೊಟ್ಟೆ ಕೆಡಬಹುದು.

ಎಷ್ಟು ಸಮಯ ಅಂದರೆ, ಹುಡುಗರ ಎತ್ತರ ಹೆಚ್ಚಾಗಿ 17, 18ಕ್ಕೆ ನಿಧಾನವಾಗುತ್ತದೆ. ಆದರೆ 16 ತುಂಬಿದ ಮೇಲೆ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ 2860 ಇದ್ದ ಕ್ಯಾಲರಿ 3320 ಆಗುತ್ತದೆ. ಹೊಸ ಕುಕ್ಕರ್ ತೆಗೆದುಕೊಳ್ಳುವ ಯೋಚನೆ ಇದ್ದರೆ ಒಂದು ಸೈಜು ದೊಡ್ಡದೇ ತೆಗೆದುಕೊಳ್ಳಿ ಅಂತ ಯಜಮಾನರಿಗೆ ಹೇಳಿ.